ಮತಪತ್ರದ ಹಿಂಬದಿ

ನಾರ್ತ್ ಕೆರೊಲಿನಾದ ನಮ್ಮ ವೇಕ್ ಕೌಂಟಿಯಲ್ಲಿ ಇವತ್ತಿಗೂ ಕಾಗದದ ಮತಪತ್ರವೇ. ಪೆನ್ನು ಹಿಡಿದು ಹೆಸರಿನ ಪಕ್ಕದ ಸಣ್ಣ ಸೊನ್ನೆಯನ್ನು ತುಂಬಬೇಕು, ಆಮೇಲೆ ಮೆಷಿನ್ನಿಗೆ ತೂರಿಸಿ ಬರಬೇಕು. 2024ರ ನವೆಂಬರ್ ಚುನಾವಣೆಯ ಕಾಗದದಲ್ಲಿ ಹೆಸರುಗಳೋ ಹೆಸರುಗಳು. ಅಧ್ಯಕ್ಷ, ಗವರ್ನರ್, ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರಿಂದ ಹಿಡಿದು ಮಣ್ಣು ಮತ್ತು ನೀರಿನ ಸಂರಕ್ಷಣೆ ನೋಡಿಕೊಳ್ಳುವವರ ತನಕ. (ಈ ಕೊನೆಯ ಹುದ್ದೆಗೆ ನಿಂತವರು ಯಾರು ಅಂತ ತಿಳಿದುಕೊಂಡು ವೋಟು ಹಾಕಿದವರನ್ನು ನಾನಿನ್ನೂ ನೋಡಿಲ್ಲ.) ಕಾಗದ ತಿರುಗಿಸಿದರೆ, ಹೆಸರುಗಳೆಲ್ಲ ಮುಗಿದ ಮೇಲೆ, ಬೇರೆ ಥರದ ಒಂದು ಪ್ರಶ್ನೆ ಇತ್ತು. ಲೈಬ್ರರಿಗಳಿಗಾಗಿ ಕೌಂಟಿ 14.2 ಕೋಟಿ ಡಾಲರ್ ಸಾಲ ಎತ್ತಬಹುದೇ? ಹೌದು ಅಥವಾ ಇಲ್ಲ.

ಪ್ರಶ್ನೆಯ ಜೊತೆಗೇ ಬೆಲೆಯನ್ನೂ ಬರೆದಿರುತ್ತಾರೆ. ರಾಜ್ಯದ ಕಾನೂನೇ ಹಾಗಿದೆ. ಸಾಲ ಯಾವ ಕೆಲಸಕ್ಕೆ, ಬಡ್ಡಿ ಸೇರಿ ಒಟ್ಟು ಎಷ್ಟಾಗಬಹುದು, ಒಂದು ಲಕ್ಷ ಡಾಲರ್ ಬೆಲೆಯ ಆಸ್ತಿಗೆ ಎಷ್ಟು ತೆರಿಗೆ ಜಾಸ್ತಿ ಬೀಳಬಹುದು, ಎಲ್ಲ ಅಲ್ಲೇ ಇರುತ್ತದೆ. ಕ್ಯಾರಿ ಪಟ್ಟಣದಲ್ಲಿರುವ ನಮ್ಮಂಥವರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ಪಾರ್ಕು, ಆಟದ ಮೈದಾನಗಳಿಗೆ 56 ಕೋಟಿ ಡಾಲರ್ ಸಾಲ. ನಾನು ಪೆನ್ನು ಹಿಡಿದುಕೊಂಡೇ ಮನೆಯ ಬೆಲೆಯನ್ನು ಮನಸ್ಸಿನಲ್ಲಿ ಗುಣಿಸಿ ನೋಡಿದೆ. ಪಕ್ಕದ ಬೂತಿನ ಹೆಂಗಸು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಅವರೂ ಅದನ್ನೇ ಮಾಡುತ್ತಿದ್ದರು ಅಂತ ನನ್ನ ಊಹೆ.

ಲೈಬ್ರರಿ ಸಾಲಕ್ಕೆ ಕೌಂಟಿ ಹೂಂ ಅಂದಿತು. ಪಾರ್ಕಿನ ಸಾಲಕ್ಕೆ ಕ್ಯಾರಿ ಊಹೂಂ ಅಂದಿತು. ಅದಕ್ಕೆ ಎರಡು ವರ್ಷ ಮೊದಲು, 2022ರಲ್ಲಿ, ಶಾಲೆಗಳಿಗಾಗಿ ಕೇಳಿದ್ದ ಸುಮಾರು 53 ಕೋಟಿ ಡಾಲರ್ ಸಾಲಕ್ಕೆ ಇದೇ ಕೌಂಟಿ ಒಪ್ಪಿತ್ತು. ಅಂದರೆ ಜನ ಸಾಲ ಅಂದ ತಕ್ಷಣ ಕಣ್ಣು ಮುಚ್ಚಿ ತಲೆಯಾಡಿಸುವುದಿಲ್ಲ, ಕಣ್ಣು ಮುಚ್ಚಿ ತಿರಸ್ಕರಿಸುವುದೂ ಇಲ್ಲ. ಬೆಲೆ ನೋಡಿ ಆರಿಸುತ್ತಾರೆ.

ಈಗ ಅದೇ ಕಾಗದದ ಮುಂಬದಿಗೆ ಬನ್ನಿ. ಅಲ್ಲಿ ಹೆಸರಿದ್ದವರು ಗೆದ್ದು ವಾಷಿಂಗ್ಟನ್ನಿಗೆ ಹೋಗಿ ನೋಡಿಕೊಳ್ಳಬೇಕಾದ ಸಾಲ ಆ ಹೊತ್ತಿಗೆ ಸುಮಾರು 36 ಲಕ್ಷ ಕೋಟಿ ಡಾಲರ್. ಇಲ್ಲಿಯವರು ಟ್ರಿಲಿಯನ್ ಅನ್ನುವುದು ನಮ್ಮ ಲಕ್ಷ ಕೋಟಿಗೆ ಸಮ, ಹಾಗಾಗಿ ನಮಗೆ ಲೆಕ್ಕ ಸುಲಭ. ಆ ವರ್ಷ ಕೇಂದ್ರ ಸರ್ಕಾರ ಖರ್ಚು ಮಾಡಿದ್ದು 6.75 ಲಕ್ಷ ಕೋಟಿ, ಬಂದದ್ದು 4.9 ಲಕ್ಷ ಕೋಟಿ. ನೂರು ಡಾಲರ್ ಖರ್ಚಿನಲ್ಲಿ ಇಪ್ಪತ್ತೇಳು ಡಾಲರ್ ಸಾಲದ್ದು. ಅದರ ಬಗ್ಗೆ ಮತಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಲೈಬ್ರರಿಯ ಸಾಲಕ್ಕೆ ನನ್ನ ಒಪ್ಪಿಗೆ ಬೇಕು, ದೇಶದ ಸಾಲಕ್ಕೆ ಬೇಡ. ಇದು ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿದೆ.

ಹಬ್ಬದ ಊಟದ ಅರ್ಥಶಾಸ್ತ್ರ

2025ರ ಆಗಸ್ಟಿನಲ್ಲಿ ಸಾಲ 37 ಲಕ್ಷ ಕೋಟಿ ದಾಟಿದ ಸುದ್ದಿ ಬಂತು. ಅದೇ ತಿಂಗಳ ಕೊನೆಗೆ ಗಣೇಶನ ಹಬ್ಬ. ಇಲ್ಲಿ ಹಬ್ಬ ಯಾವ ವಾರ ಬಂದರೂ ಊಟ ಮಾತ್ರ ಶನಿವಾರವೇ. ಗೆಳೆಯರ ಮನೆಯಲ್ಲಿ ಕಡುಬು, ಪುಳಿಯೋಗರೆ ಎಲ್ಲ ಮುಗಿಸಿ ಗಂಡಸರು ಹೆಂಗಸರು ಎಲ್ಲ ಹಾಲಿನ ನೆಲದ ಮೇಲೆ ಕೂತಿದ್ದೆವು. ಮಾತು ಸಾಲಕ್ಕೆ ಬಂತು. ಆ ಗೆಳೆಯರ ತಂದೆ ಮೈಸೂರಿನಿಂದ ಬಂದಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ‘ಅಲ್ಲಪ್ಪ, ಇಷ್ಟೊಂದು ಸಾಲ ಕೊಟ್ಟೋರು ಯಾರು?’ ಅಂತ ಕೇಳಿದರು. ಜಾಸ್ತಿ ಪಾಲು ಇಲ್ಲಿಯವರೇ ಕೊಟ್ಟದ್ದು, ಇಲ್ಲಿನ ಪಿಂಚಣಿ ನಿಧಿಗಳು, ಬ್ಯಾಂಕುಗಳು, ಇಲ್ಲಿನ ರಿಸರ್ವ್ ಬ್ಯಾಂಕಾದ ಫೆಡರಲ್ ರಿಸರ್ವ್, ಹೊರದೇಶಗಳಲ್ಲಿ ಜಪಾನಿನದು ಎಲ್ಲರಿಗಿಂತ ಜಾಸ್ತಿ, ನಮ್ಮ ರಿಸರ್ವ್ ಬ್ಯಾಂಕೂ ಕೊಟ್ಟಿದೆ ಅಂದೆ. ‘ನಾವೂ ಕೊಟ್ಟಿದೀವಾ!’ ಅಂತ ಜೋರಾಗಿ ನಕ್ಕರು. ‘ಇಡೀ ಸರ್ವಿಸ್‌ನಲ್ಲಿ ಇಂಥ ಗಿರಾಕೀನ ನೋಡಿಲ್ಲಮ್ಮ. ಅಡವು ಇಲ್ಲ, ಜಾಮೀನು ಇಲ್ಲ, ಆದ್ರೂ ಕೊಡೋರು ಕ್ಯೂ ನಿಂತಿದಾರೆ.’

ಅಲ್ಲಿದ್ದವರೆಲ್ಲ ಸಾಲದ ಬಗ್ಗೆ ಚಿಂತೆ ಮಾಡಿದರು. ನಿಜವಾದ ಚಿಂತೆಯೇ. ಟ್ರಂಪ್ ಜುಲೈ 4ರಂದು ಸಹಿ ಹಾಕಿದ ತೆರಿಗೆ ಕಡಿತದ ದೊಡ್ಡ ಮಸೂದೆಯನ್ನು ಬೈದರು. ಹತ್ತು ವರ್ಷದಲ್ಲಿ ಅದರಿಂದ 3.4 ಲಕ್ಷ ಕೋಟಿ ಡಾಲರ್ ಕೊರತೆ ಹೆಚ್ಚುತ್ತದೆ ಅಂತ ಕಾಂಗ್ರೆಸ್ಸಿನ ಸ್ವಂತ ಲೆಕ್ಕದ ಕಚೇರಿಯೇ ಹೇಳಿದೆ. ಬೈಡನ್ ಕಾಲದಲ್ಲಿ 1.9 ಲಕ್ಷ ಕೋಟಿಯ ಕೋವಿಡ್ ಪರಿಹಾರ ಹಂಚಿದ್ದನ್ನೂ ಒಬ್ಬರು ನೆನಪಿಸಿದರು. ಐದು ನಿಮಿಷ ಕಳೆದಿರಲಿಕ್ಕಿಲ್ಲ, ಮಾತು ಎಲೆಕ್ಟ್ರಿಕ್ ಕಾರಿಗೆ ಹೊರಳಿತು. ಹೊಸ ಕಾರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ಸೆಪ್ಟೆಂಬರ್ 30ಕ್ಕೆ ನಿಲ್ಲುವುದರಲ್ಲಿತ್ತಲ್ಲ. ‘ಸುಮ್ನೆ ಯಾಕೆ ಬಿಡ್ತೀಯಾ ಗುರು, ಅಷ್ಟರೊಳಗೆ ಬುಕ್ ಮಾಡಿಬಿಡು’ ಅಂತ ಒಬ್ಬ. ನ್ಯೂಜೆರ್ಸಿಯಿಂದ ಬಂದಿದ್ದ ನೆಂಟರಿಗೆ ಇನ್ನೂ ಖುಷಿ. ಅಲ್ಲಿ ಮನೆ ತೆರಿಗೆ ವಿಪರೀತ. ರಾಜ್ಯಕ್ಕೆ, ಊರಿಗೆ ಕಟ್ಟಿದ ತೆರಿಗೆಯನ್ನು ಕೇಂದ್ರದ ಲೆಕ್ಕದಲ್ಲಿ ಕಳೆಯಲು 2018ರಿಂದ 10,000 ಡಾಲರ್ ಮಿತಿ ಇತ್ತು. ಈಗ ಬೈಸಿಕೊಂಡ ಅದೇ ಮಸೂದೆ ಅದನ್ನು 40,000ಕ್ಕೆ ಏರಿಸಿದೆ. ಆ ಮಿತಿಯನ್ನು ಏರಿಸಿ ಅಂತ ವರ್ಷಗಟ್ಟಲೆ ಕೂಗಿದವರಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿಯ ಡೆಮಾಕ್ರಟಿಕ್ ಸದಸ್ಯರೂ ಇದ್ದರು. ಇದರ ಲಾಭ ಯಾರಿಗೆ? ಒಳ್ಳೆ ಸಂಬಳ, ದೊಡ್ಡ ಮನೆ ಇರುವವರಿಗೆ. ಅಂದರೆ ಆ ಹಾಲಿನಲ್ಲಿ ಕೂತಿದ್ದ ನಮ್ಮಂಥವರಿಗೆ.

ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಅಲ್ಲಿದ್ದ ಯಾರಿಗೂ ತಾವು ಸರ್ಕಾರದ ದುಡ್ಡು ತೆಗೆದುಕೊಳ್ಳುತ್ತಿದ್ದೇವೆ ಅಂತ ಅನ್ನಿಸಲೇ ಇಲ್ಲ. ನಮ್ಮ ತೆರಿಗೆ ಸ್ವಲ್ಪ ಉಳಿಯಿತು, ಅಷ್ಟೇ. ಕಾರ್ನೆಲ್ ವಿಶ್ವವಿದ್ಯಾಲಯದ ಸುಸಾನ್ ಮೆಟ್ಲರ್ 2008ರಲ್ಲಿ ಒಂದು ಸಮೀಕ್ಷೆ ಮಾಡಿಸಿದ್ದರು. ಸರ್ಕಾರದ ಯಾವುದೇ ಯೋಜನೆಯ ಲಾಭ ಪಡೆದಿಲ್ಲ ಅಂತ ಹೇಳಿದವರನ್ನು ಒಂದೊಂದೇ ಯೋಜನೆಯ ಹೆಸರು ಹೇಳಿ ಮತ್ತೆ ಕೇಳಿದರು. ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆದವರಲ್ಲಿ 60 ಶೇಕಡಾ ಜನ ಮೊದಲು ‘ಇಲ್ಲ’ ಅಂದವರೇ. ಸೋಶಿಯಲ್ ಸೆಕ್ಯುರಿಟಿ, ಅಂದರೆ ಮುಪ್ಪಿನ ಪಿಂಚಣಿ ಪಡೆಯುತ್ತಿದ್ದವರಲ್ಲೂ 44 ಶೇಕಡಾ ಹಾಗೇ ಅಂದಿದ್ದರು. 2009ರಲ್ಲಿ ಸೌತ್ ಕೆರೊಲಿನಾದ ಒಂದು ಸಭೆಯಲ್ಲಿ ವಯಸ್ಸಾದವರೊಬ್ಬರು ಎದ್ದು, ನನ್ನ ಮೆಡಿಕೇರ್ ತಂಟೆಗೆ ಸರ್ಕಾರ ಬರಬಾರದು ಅಂತ ರಿಪಬ್ಲಿಕನ್ ಸದಸ್ಯ ಬಾಬ್ ಇಂಗ್ಲಿಸ್ ಮೇಲೆ ರೇಗಿದ್ದು ಆಗ ದೊಡ್ಡ ಜೋಕಾಗಿತ್ತು. ಮೆಡಿಕೇರ್, ಅಂದರೆ ಮುಪ್ಪಿನವರ ಆರೋಗ್ಯ ವಿಮೆ, ಸರ್ಕಾರದ್ದೇ ಅಲ್ವಾ. ನಮ್ಮ ಹಬ್ಬದ ಊಟ ಅದಕ್ಕಿಂತ ಬೇರೆ ಏನಲ್ಲ, ಸ್ವಲ್ಪ ನಯವಾಗಿತ್ತು.

(ಇನ್ನೊಂದು ವಿಷಯ. ಆ ಹಾಲಿನಲ್ಲಿದ್ದ ಅರ್ಧಕ್ಕರ್ಧ ಜನಕ್ಕೆ ವೋಟೇ ಇಲ್ಲ. ಎಚ್‌-1ಬಿಯಲ್ಲಿ ಬಂದು, ಗ್ರೀನ್‌ ಕಾರ್ಡಿನ ಸರದಿಯಲ್ಲಿ ಹತ್ತು ಹದಿನೈದು ವರ್ಷದಿಂದ ನಿಂತವರು. ತೆರಿಗೆ ಕಟ್ಟುತ್ತಾರೆ, ಸೋಶಿಯಲ್ ಸೆಕ್ಯುರಿಟಿಗೂ ಕಟ್ಟುತ್ತಾರೆ. ಅವರ ಬಗ್ಗೆ ಬೇರೆಯೇ ಬರೆಯಬೇಕು.)

2013ರಲ್ಲಿ ಪ್ಯೂ ಸಂಸ್ಥೆ ಸರ್ಕಾರದ 19 ಬಗೆಯ ಖರ್ಚುಗಳನ್ನು ಜನರ ಮುಂದಿಟ್ಟು ಯಾವುದನ್ನು ಕಡಿಮೆ ಮಾಡಬೇಕು ಅಂತ ಕೇಳಿತ್ತು. 18ರಲ್ಲಿ ಹೆಚ್ಚಿನವರು ಇದ್ದಷ್ಟೇ ಇರಲಿ ಅಥವಾ ಇನ್ನೂ ಹೆಚ್ಚಿಸಿ ಅಂದರು. ಕಡಿಮೆ ಮಾಡಿ ಅನ್ನುವ ಕೂಗು ಜೋರಾಗಿ ಕೇಳಿದ್ದು ಹೊರದೇಶದ ಬಡವರಿಗೆ ಕೊಡುವ ನೆರವಿನ ಬಗ್ಗೆ ಮಾತ್ರ. ವಿದೇಶಿ ನೆರವೆಲ್ಲ ಸೇರಿದರೂ ಬಜೆಟ್ಟಿನ ಸುಮಾರು ಒಂದು ಶೇಕಡಾ. ಕಡಿತದ ಹೆಸರಿನಲ್ಲಿ ಇಲಾನ್ ಮಸ್ಕ್ 2025ರಲ್ಲಿ ಗರಗಸ ಹಿಡಿದು ಬಂದಾಗ ಮೊದಲು ಕೈ ಹಾಕಿದ್ದೂ ಅಲ್ಲಿಗೇ. ಎರಡು ಲಕ್ಷ ಕೋಟಿ ಉಳಿಸುತ್ತೇನೆ ಅಂದಿದ್ದರು. ಆ ವರ್ಷ ಒಟ್ಟು ಖರ್ಚು ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು.

ಬಾಯಿ ಬಿಟ್ಟವರು

ಜನ ಕೇಳುವುದೇ ಹಾಗಾದರೆ ನಾಯಕರಾದರೂ ಹೇಳಬಾರದೇ? ಹೇಳಿದವರು ಇದ್ದಾರೆ.

1984ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೆಮಾಕ್ರಟಿಕ್ ಸಮಾವೇಶದಲ್ಲಿ ವಾಲ್ಟರ್ ಮಾಂಡೇಲ್ ಅಭ್ಯರ್ಥಿಯಾಗಿ ನಿಂತು ಭಾಷಣ ಮಾಡಿದರು. ಯಾರೇ ಗೆದ್ದರೂ ತೆರಿಗೆ ಏರಿಸಲೇಬೇಕಾಗುತ್ತದೆ, ರೇಗನ್ ಅದನ್ನು ನಿಮಗೆ ಹೇಳುವುದಿಲ್ಲ, ನಾನು ಈಗಲೇ ಹೇಳಿದ್ದೇನೆ ಅಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ನವೆಂಬರ್‌ನಲ್ಲಿ 50 ರಾಜ್ಯಗಳಲ್ಲಿ 49 ರೇಗನ್ ಪಾಲಾದವು. ಮಾಂಡೇಲ್‌ಗೆ ಉಳಿದದ್ದು ತವರು ಮಿನೆಸೋಟ ಮತ್ತು ರಾಜಧಾನಿ ವಾಷಿಂಗ್ಟನ್. ತಮಾಷೆ ಅಂದರೆ ರೇಗನ್ 1982ರಲ್ಲೇ ಒಂದು ದೊಡ್ಡ ತೆರಿಗೆ ಏರಿಕೆಗೆ ಸಹಿ ಹಾಕಿದ್ದರು. ಮಾಡಿದ್ದಕ್ಕೆ ಶಿಕ್ಷೆ ಆಗಲಿಲ್ಲ, ಹೇಳಿದ್ದಕ್ಕೆ ಆಯಿತು.

ಮುಂದಿನ ಪಾಠ ಹಿರಿಯ ಜಾರ್ಜ್ ಬುಷ್ ಅವರದು. 1988ರ ಸಮಾವೇಶದಲ್ಲಿ, ನನ್ನ ತುಟಿ ನೋಡಿ, ಹೊಸ ತೆರಿಗೆ ಇಲ್ಲ ಅಂದರು. ಗೆದ್ದರು. 1990ರಲ್ಲಿ ಕೊರತೆ ಕೈ ಮೀರುತ್ತಿದ್ದಾಗ ಡೆಮಾಕ್ರಟಿಕ್ ಕಾಂಗ್ರೆಸ್ಸಿನ ಜೊತೆ ಕೂತು ಒಂದಿಷ್ಟು ಖರ್ಚು ಕಡಿಮೆ, ಒಂದಿಷ್ಟು ತೆರಿಗೆ ಜಾಸ್ತಿ ಅಂತ ಒಪ್ಪಂದ ಮಾಡಿಕೊಂಡರು. ನ್ಯೂಟ್ ಗಿಂಗ್‌ರಿಚ್ ನಾಯಕತ್ವದಲ್ಲಿ ಸ್ವಂತ ಪಕ್ಷದವರೇ ತಿರುಗಿಬಿದ್ದರು. 1992ರಲ್ಲಿ ಬುಷ್ ಸೋತರು. ಅದೇ ಚುನಾವಣೆಯಲ್ಲಿ ಟೆಕ್ಸಸ್‌ನ ಸಿರಿವಂತ ರಾಸ್ ಪೆರೊ ಟಿವಿಯಲ್ಲಿ ಅರ್ಧರ್ಧ ಗಂಟೆ ಸಮಯ ಕೊಂಡು, ರಟ್ಟಿನ ಚಾರ್ಟುಗಳನ್ನು ಹಿಡಿದು ಸಾಲದ ಪಾಠ ಮಾಡಿ 19 ಶೇಕಡಾ ವೋಟು ತೆಗೆದುಕೊಂಡರು. ಅಧ್ಯಕ್ಷರನ್ನು ರಾಜ್ಯವಾರು ಲೆಕ್ಕದಲ್ಲಿ ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಒಂದೂ ಬರಲಿಲ್ಲ. ಸಾಲದ ಚಿಂತೆ ಇರುವ ಮತದಾರರು ಇಲ್ಲವೇ ಇಲ್ಲ ಅನ್ನುವವರಿಗೆ ಆ 19ನ್ನು ತೋರಿಸಬಹುದು. ಅವರು ಎಲ್ಲಾ ರಾಜ್ಯಗಳಲ್ಲೂ ಚದುರಿದ್ದರು, ಅಷ್ಟೇ. ಇಲ್ಲಿನ ಚುನಾವಣೆಯಲ್ಲಿ ಚದುರಿದವರಿಗೆ ಬೆಲೆ ಇಲ್ಲ.

ನನಗೆ ಇವರೆಲ್ಲರಿಗಿಂತ ಹೆಚ್ಚು ಕಾಡುವ ಹೆಸರು ಮಾರ್ಜರಿ ಮಾರ್ಗೋಲಿಸ್-ಮೆಜ್ವಿನ್ಸ್ಕಿ. ಫಿಲಡೆಲ್ಫಿಯಾ ಹೊರವಲಯದ ಕ್ಷೇತ್ರದಿಂದ 1992ರಲ್ಲಿ ಗೆದ್ದ ಡೆಮಾಕ್ರಟ್. ಅದು ರಿಪಬ್ಲಿಕನ್ನರ ಭದ್ರಕೋಟೆ. 1993ರ ಆಗಸ್ಟಿನಲ್ಲಿ ಕ್ಲಿಂಟನ್ ಬಜೆಟ್ ಮತಕ್ಕೆ ಬಂತು. ಸಿರಿವಂತರ ಮೇಲಿನ ತೆರಿಗೆ 31ರಿಂದ 39.6 ಶೇಕಡಾಕ್ಕೆ ಏರುವ ಬಜೆಟ್. ಒಬ್ಬ ರಿಪಬ್ಲಿಕನ್ನನೂ ಪರವಾಗಿ ನಿಲ್ಲಲಿಲ್ಲ. ಕ್ಲಿಂಟನ್‌ಗೆ ಅವರ ವೋಟು ಬೇಕೇಬೇಕಾಯಿತು. ಹಾಕಿದರು. 218ಕ್ಕೆ 216ರಲ್ಲಿ ಪಾಸಾಯಿತು. ಎದುರು ಸಾಲಿನ ರಿಪಬ್ಲಿಕನ್ನರು ಅವರತ್ತ ಕೈಬೀಸಿ ‘ಬೈ ಬೈ ಮಾರ್ಜರಿ’ ಅಂತ ಹಾಡಿದರು. 1994ರಲ್ಲಿ ಅವರು ಸೋತರು. ಅವರ ಪಕ್ಷ ನಲವತ್ತು ವರ್ಷ ಹಿಡಿದಿದ್ದ ಸದನವನ್ನೇ ಕಳೆದುಕೊಂಡಿತು. (ಮುಂದೆ ಅವರ ಮಗನನ್ನೇ ಕ್ಲಿಂಟನ್ ಮಗಳು ಮದುವೆಯಾದಳು. ಆ ವೋಟಿಗೆ ಸಿಕ್ಕ ಪ್ರತಿಫಲ ಅದೊಂದೇ ಅಂತ ಇಲ್ಲಿ ಜನ ನಗುತ್ತಾರೆ.)

ಆ ಬಜೆಟ್ ಏನಾಯಿತು? 1990ರ ಒಪ್ಪಂದ, 1993ರ ತೆರಿಗೆ, 1997ರಲ್ಲಿ ರಿಪಬ್ಲಿಕನ್ ಕಾಂಗ್ರೆಸ್ ಜೊತೆಗಿನ ಇನ್ನೊಂದು ಒಪ್ಪಂದ, ಜೊತೆಗೆ ಡಾಟ್‌ಕಾಂ ಭರಾಟೆ, ಎಲ್ಲ ಸೇರಿ 1998ರಿಂದ ನಾಲ್ಕು ವರ್ಷ ಸತತವಾಗಿ ದುಡ್ಡು ಉಳಿಯಿತು. 2000ನೇ ಇಸವಿಯಲ್ಲಂತೂ 23,600 ಕೋಟಿ ಡಾಲರ್. ನ್ಯೂಯಾರ್ಕಿನಲ್ಲಿ ಸೇಮೂರ್ ಡರ್ಸ್ಟ್ ಅನ್ನುವ ಕಟ್ಟಡಗಳ ಮಾಲೀಕರು 1989ರಲ್ಲಿ ಹಾಕಿಸಿದ್ದ, ದೇಶದ ಸಾಲ ಎಷ್ಟಾಯಿತು ಅಂತ ತೋರಿಸುವ ಗಡಿಯಾರವನ್ನು ಆ ವರ್ಷ ಆರಿಸಿ ಪರದೆ ಹಾಕಿದರು. 2002ರಲ್ಲಿ ಮತ್ತೆ ಹಚ್ಚಬೇಕಾಯಿತು. 2008ರಲ್ಲಿ ಹತ್ತು ಲಕ್ಷ ಕೋಟಿ ದಾಟಿದಾಗ ಅದರಲ್ಲಿ ಅಂಕಿಗೆ ಜಾಗ ಸಾಲದೆ ಡಾಲರ್ ಚಿಹ್ನೆಯ ಜಾಗದಲ್ಲಿ 1 ಹಾಕಿದರು.

ನಾನ್ಯಾಕೆ ಮೊದಲು?

2023ರ ಮೇ ತಿಂಗಳು. ಸಾಲದ ಮಿತಿ, ಅಂದರೆ ಕೇಂದ್ರ ಸರ್ಕಾರ ಎಷ್ಟು ಸಾಲ ಎತ್ತಬಹುದು ಅನ್ನುವ ಕಾನೂನಿನ ಮಿತಿ, ಏರಿಸುವುದಿಲ್ಲ ಅಂತ ಹೌಸಿನ (ಕಾಂಗ್ರೆಸ್ಸಿನ ಕೆಳಮನೆಯ) ರಿಪಬ್ಲಿಕನ್ನರು ಪಟ್ಟು ಹಿಡಿದಿದ್ದ ದಿನಗಳು. ನಮ್ಮ ಪಕ್ಕದ ಮನೆಯ ಯಜಮಾನರು ಕಸದ ಡಬ್ಬಿ ಒಳಗೆ ಎಳೆದುಕೊಂಡು ಹೋಗುತ್ತಿದ್ದವರು ನನ್ನನ್ನು ನೋಡಿ ನಿಂತರು. ಎಪ್ಪತ್ತು ದಾಟಿದವರು, ಒಬ್ಬರೇ ಇರುವುದು. ಚುನಾವಣೆ ಬಂದರೆ ಅವರ ಅಂಗಳದಲ್ಲಿ ರಿಪಬ್ಲಿಕನ್ ಬೋರ್ಡು ಖಾಯಂ. ನಾನು ಮೊದಲು ಮನೆಗೆ ಬಂದಾಗ ಹಿಮ ಬಿದ್ದರೆ ಏನು ಮಾಡಬೇಕು ಅಂತ ಹೇಳಿಕೊಟ್ಟದ್ದೂ ಅವರೇ. ಜೂನ್ ತಿಂಗಳ ಪಿಂಚಣಿ ಬರುತ್ತೋ ಇಲ್ಲವೋ ಅಂತ ಅವರಿಗೆ ದಿಗಿಲು. ಅದೇ ಉಸಿರಿನಲ್ಲಿ, ಈ ಸಾಲ ದೇಶವನ್ನು ಮುಳುಗಿಸುತ್ತದೆ ಅಂತಲೂ ಅಂದರು.

‘ಹಾಗಾದರೆ ಮೆಡಿಕೇರ್ ಸ್ವಲ್ಪ ಕಡಿಮೆ ಮಾಡಿದರೆ ಒಪ್ಪುತ್ತೀರಾ?’ ಅಂತ ಕೇಳಿದೆ. ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಡಬ್ಬಿಯ ಹಿಡಿ ಬಿಟ್ಟು ಸ್ವಲ್ಪ ಯೋಚಿಸಿದರು. ‘ಒಪ್ಪಬಹುದು. ಆದರೆ ನಾನು ಬಿಟ್ಟ ದುಡ್ಡು ಸಾಲಕ್ಕೇ ಹೋಗುತ್ತೆ ಅಂತ ಯಾರು ಬರೆದುಕೊಡುತ್ತಾರೆ? ನಿಮ್ಮ ಕಡೆಯವರು ಅದರಲ್ಲಿ ಕಾಲೇಜು ಹುಡುಗರ ಸಾಲ ಮನ್ನಾ ಮಾಡುತ್ತಾರೆ. ನಾನ್ಯಾಕೆ ಮೊದಲು ಬಿಡಬೇಕು?’ ನನ್ನ ಕಡೆ ಯಾವುದು ಅಂತ ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಬಣ್ಣ ನೋಡಿ ಊಹಿಸಿದರೋ, ಕಾರು ನೋಡಿ ಊಹಿಸಿದರೋ. ಬೈಡನ್ ಹಿಂದಿನ ವರ್ಷ ಘೋಷಿಸಿದ್ದ ವಿದ್ಯಾರ್ಥಿ ಸಾಲ ಮನ್ನಾ ಆಗ ಸುಪ್ರೀಂ ಕೋರ್ಟಿನಲ್ಲಿತ್ತು. ಮುಂದಿನ ತಿಂಗಳು ಕೋರ್ಟು ಅದನ್ನು ರದ್ದು ಮಾಡಿತು. ಅದು ಬೇರೆ ಮಾತು.

ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದಕ್ಕೆ ಆಚೆ ಕಡೆಯಿಂದ ನಿಖರವಾದ ಉತ್ತರ ಇದೆ. 1993ರಲ್ಲಿ ಡೆಮಾಕ್ರಟರು ತಮ್ಮ ಸೀಟುಗಳನ್ನು ಪಣಕ್ಕಿಟ್ಟು ತೆರಿಗೆ ಏರಿಸಿದರು. ಬೊಕ್ಕಸ ತುಂಬಿತು. 2000ದ ಚುನಾವಣೆಯಲ್ಲಿ ಅಲ್ ಗೋರ್ ಆ ಉಳಿತಾಯಕ್ಕೆ ಬೀಗ ಹಾಕಿ ಇಡುತ್ತೇನೆ ಅಂದರು. ಕಿರಿಯ ಬುಷ್, ಅದು ಜನರ ದುಡ್ಡು, ವಾಪಸ್ ಕೊಡುತ್ತೇನೆ ಅಂದರು. ಬುಷ್ ಅಧ್ಯಕ್ಷರಾದರು. 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ತೆರಿಗೆ ಕಡಿತ. ಜೊತೆಗೆ ಅಫ್ಘಾನಿಸ್ತಾನ, ಇರಾಕ್, ಮುದುಕರ ಔಷಧಿಗೆ ಹೊಸ ಯೋಜನೆ. ಮಾರ್ಜರಿ ತಮ್ಮ ಸೀಟು ಕೊಟ್ಟು ಉಳಿಸಿದ ದುಡ್ಡು ಎದುರು ಪಕ್ಷದವರ ಆಸೆ ತೀರಿಸಲು ಹೋಯಿತು. ಅಂದಮೇಲೆ ಡೆಮಾಕ್ರಟರು ಮತ್ತೆ ಯಾಕೆ ಉಳಿಸುತ್ತಾರೆ? 2021ರಲ್ಲಿ ಅವರು ಉಳಿಸುವ ಮಾತು ಎತ್ತಲೇ ಇಲ್ಲ.

ನನಗೆ ಅನ್ನಿಸುವುದು ಇಷ್ಟು. ಅಮೆರಿಕದ ಸಾಲ ಪಕ್ಷಗಳ ಜಗಳದ ನಡುವೆ ಯಾರೂ ಗಮನಿಸದೆ ಬೆಳೆದದ್ದಲ್ಲ. ಜಗಳ ಆಡಿಕೊಂಡೇ ಇಬ್ಬರೂ ಒಪ್ಪಿಕೊಂಡಿರುವ ವಿಷಯ ಅದೊಂದೇ. ಒಬ್ಬರಿಗೆ ಕಡಿಮೆ ತೆರಿಗೆ ಬೇಕು, ಇನ್ನೊಬ್ಬರಿಗೆ ಹೆಚ್ಚು ಯೋಜನೆ ಬೇಕು. ಪಿತ್ರಾರ್ಜಿತ ಆಸ್ತಿಗೆ ಬಡಿದಾಡುವ ಅಣ್ಣತಮ್ಮಂದಿರು ಮನೆದೇವರ ಹಬ್ಬವನ್ನು ಮಾತ್ರ ಸಾಲ ತಂದು ಇಬ್ಬರೂ ಜೋರಾಗಿ ಮಾಡಿದ ಹಾಗೆ. ಸಾಲ ಸಿಗುತ್ತಿರುವ ತನಕ ಯಾರೂ ಯಾರನ್ನೂ ಒಪ್ಪಿಸಬೇಕಾಗಿಲ್ಲ, ಯಾರೂ ಸೋಲಬೇಕಾಗಿಲ್ಲ. ದೇಶ ಸಮಸಮವಾಗಿ ಸೀಳಿದಷ್ಟೂ, ಇವತ್ತಲ್ಲ ನಾಳೆ ಅವರು ಬರುತ್ತಾರೆ ಅನ್ನುವ ಭಯ ಜಾಸ್ತಿಯಾದಷ್ಟೂ, ನಾವು ಇರುವಾಗಲೇ ಖರ್ಚು ಮಾಡಿಬಿಡೋಣ ಅನ್ನುವುದು ಇಬ್ಬರಿಗೂ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಪಕ್ಕದ ಮನೆಯವರು ದಡ್ಡರೂ ಅಲ್ಲ, ಕಪಟಿಯೂ ಅಲ್ಲ. ಅವರ ಲೆಕ್ಕ ಸರಿಯಾಗಿಯೇ ಇದೆ.

ಸಾಲದ ಚಿಂತೆಯೂ ಪಕ್ಷ ನೋಡಿಕೊಂಡೇ ಬರುತ್ತದೆ. 2006ರಲ್ಲಿ ಬುಷ್ ಸಾಲದ ಮಿತಿ ಏರಿಸಲು ಹೊರಟಾಗ, ಇದು ನಾಯಕತ್ವದ ಸೋಲು ಅಂತ ಹೇಳಿ ವಿರುದ್ಧ ವೋಟು ಹಾಕಿದ ಸೆನೆಟರುಗಳಲ್ಲಿ ಬರಾಕ್ ಒಬಾಮ ಒಬ್ಬರು. ಐದು ವರ್ಷದ ಮೇಲೆ ಅದೇ ಮಿತಿಗಾಗಿ ಅವರೇ ರಿಪಬ್ಲಿಕನ್ನರ ಮುಂದೆ ಕೂತು ಚೌಕಾಸಿ ಮಾಡಬೇಕಾಯಿತು. ಟ್ರಂಪ್ ಮೊದಲ ಅವಧಿಯಲ್ಲಿ ಮಿತಿಯನ್ನು ಸದ್ದಿಲ್ಲದೆ ಬದಿಗಿಟ್ಟರು, 2023ರಲ್ಲಿ ಮತ್ತೆ ದೇಶ ಮುಳುಗುವ ಮಾತು, 2025ರಲ್ಲಿ ರಿಪಬ್ಲಿಕನ್ನರೇ ಐದು ಲಕ್ಷ ಕೋಟಿ ಏರಿಸಿದರು. ಕೊರತೆ ಇಳಿಸುವುದೇ ಮೊದಲ ಕೆಲಸವಾಗಬೇಕು ಅಂದವರು ಪ್ಯೂ ಲೆಕ್ಕದಲ್ಲಿ 2013ರಲ್ಲಿ 72 ಶೇಕಡಾ ಇದ್ದರು. 2019ರ ಹೊತ್ತಿಗೆ 48. ಆ ನಡುವೆ ಸಾಲ ಕಡಿಮೆಯಾಗಿರಲಿಲ್ಲ, ಅಧ್ಯಕ್ಷರು ಬದಲಾಗಿದ್ದರು.

ಬಡ್ಡಿ ಏರಿದ ಮೇಲೆ

ಇಷ್ಟು ವರ್ಷ ಇದು ನಡೆದದ್ದಕ್ಕೆ ಒಂದು ಕಾರಣ ಬಡ್ಡಿ ಕಡಿಮೆ ಇದ್ದದ್ದು. 2011ರ ಆಗಸ್ಟಿನಲ್ಲಿ ಎಸ್‌ ಆಂಡ್‌ ಪಿ ಸಂಸ್ಥೆ ಅಮೆರಿಕದ ಸಾಲದ ದರ್ಜೆಯನ್ನು ಮೊದಲ ಸಲ ಇಳಿಸಿತು. ಜಗತ್ತು ಹೆದರಿತು. ಹೆದರಿದವರು ದುಡ್ಡು ಎಲ್ಲಿ ಇಟ್ಟರು? ಅಮೆರಿಕ ಸರ್ಕಾರದ ಬಾಂಡುಗಳಲ್ಲೇ. ಬಡ್ಡಿ ಏರುವ ಬದಲು ಇಳಿಯಿತು. ಮೈಸೂರಿನ ಮ್ಯಾನೇಜರ್ ಅಂದದ್ದು ಇದನ್ನೇ. ಆದರೆ 2022ರಿಂದ ಬೆಲೆ ಏರಿಕೆ ತಡೆಯಲು ಫೆಡರಲ್ ರಿಸರ್ವ್ ಬಡ್ಡಿ ಏರಿಸಿತು. 2021ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಬಡ್ಡಿ ಸುಮಾರು 35,000 ಕೋಟಿ ಡಾಲರ್. 2024ರಲ್ಲಿ 88,000 ಕೋಟಿ. ರಕ್ಷಣೆಯ ಖರ್ಚನ್ನೂ ಮೀರಿತು. ಫಿಚ್ 2023ರಲ್ಲಿ, ಮೂಡೀಸ್ 2025ರ ಮೇನಲ್ಲಿ ದರ್ಜೆ ಇಳಿಸಿದವು. 2021ರಲ್ಲಿ ಮೂರು ಶೇಕಡಾಕ್ಕೆ ಮನೆ ಸಾಲ ಮಾಡಿದ ನಮ್ಮ ಬೀದಿಯವರು ಈಗ ಮನೆ ಬದಲಿಸುವ ಮಾತೇ ಆಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಆ ಬಡ್ಡಿ ಎಂಟರ ಹತ್ತಿರ ಹೋಗಿತ್ತು. ಅದಕ್ಕೆಲ್ಲ ಸರ್ಕಾರದ ಸಾಲವೇ ಕಾರಣ ಅನ್ನುವುದು ತಪ್ಪು. ಸಂಬಂಧವೇ ಇಲ್ಲ ಅನ್ನುವುದೂ ತಪ್ಪು.

2025ರ ಮಸೂದೆಗೆ ಸೆನೆಟ್ಟಿನಲ್ಲಿ ಎದುರು ನಿಂತ ರಿಪಬ್ಲಿಕನ್ನರು ಮೂವರು. ಸಾಲ ಜಾಸ್ತಿಯಾಗುತ್ತದೆ ಅಂತ ರ‍್ಯಾಂಡ್ ಪಾಲ್. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಕತ್ತರಿ ಬೀಳುತ್ತದೆ ಅಂತ ಸೂಸನ್ ಕಾಲಿನ್ಸ್ ಮತ್ತು ನಮ್ಮ ರಾಜ್ಯದ ಥಾಮ್ ಟಿಲಿಸ್. 50-50 ಆಗಿ ಉಪಾಧ್ಯಕ್ಷ ವ್ಯಾನ್ಸ್ ವೋಟಿನಲ್ಲಿ ಪಾಸಾಯಿತು. ಒಂದೇ ಮಸೂದೆ ಒಬ್ಬರಿಗೆ ಖರ್ಚು ಜಾಸ್ತಿ, ಇನ್ನೊಬ್ಬರಿಗೆ ಕಡಿತ ಜಾಸ್ತಿ. ಎರಡೂ ನಿಜ. ಟಿಲಿಸ್ ವಿರೋಧಿಸುತ್ತಾರೆ ಅಂತ ಗೊತ್ತಾದ ಕೂಡಲೇ, ಅವರ ಎದುರು ಪಕ್ಷದೊಳಗೇ ಬೇರೆಯವರನ್ನು ನಿಲ್ಲಿಸುವ ಮಾತು ಟ್ರಂಪ್ ಕಡೆಯಿಂದ ಬಂತು. ಮರುದಿನವೇ ಟಿಲಿಸ್ ಮತ್ತೆ ಸ್ಪರ್ಧಿಸುವುದಿಲ್ಲ ಅಂದುಬಿಟ್ಟರು.

ಇಬ್ಬರೂ ಒಟ್ಟಿಗೆ

ಇದೆಲ್ಲ ಬದಲಾಗಲಾರದು ಅಂತ ನನಗೆ ಅನ್ನಿಸುವುದಿಲ್ಲ, ಯಾಕೆಂದರೆ ಒಂದು ಸಲ ಬದಲಾಗಿತ್ತು. 1983ರಲ್ಲಿ ಸೋಶಿಯಲ್ ಸೆಕ್ಯುರಿಟಿ ನಿಧಿ ಖಾಲಿಯಾಗಲು ಕೆಲವೇ ತಿಂಗಳು ಉಳಿದಿತ್ತು. ಅಲನ್ ಗ್ರೀನ್‌ಸ್ಪಾನ್ ಮುಖ್ಯಸ್ಥರಾಗಿದ್ದ ಸಮಿತಿ ಒಂದು ಹಾದಿ ತೋರಿಸಿತು. ರೇಗನ್ ಮತ್ತು ಡೆಮಾಕ್ರಟಿಕ್ ಸ್ಪೀಕರ್ ಟಿಪ್ ಓನೀಲ್ ಇಬ್ಬರೂ ಒಪ್ಪಿದರು. ಸಂಬಳದಿಂದ ಕಡಿಯುವ ತೆರಿಗೆ ಬೇಗ ಏರಿತು. ಸ್ಥಿತಿವಂತರ ಪಿಂಚಣಿಗೆ ಮೊದಲ ಸಲ ಆದಾಯ ತೆರಿಗೆ ಬಿತ್ತು. ಪೂರ್ತಿ ಪಿಂಚಣಿಯ ವಯಸ್ಸು 65ರಿಂದ ನಿಧಾನವಾಗಿ 67ಕ್ಕೆ. 1960ರಿಂದೀಚೆಗೆ ಹುಟ್ಟಿದ ನಾವೆಲ್ಲ 67ರ ತನಕ ಕಾಯುವುದು ಆ ಕಾನೂನಿನಿಂದಲೇ. ಖರ್ಚೂ ಕಡಿಮೆ, ತೆರಿಗೆಯೂ ಜಾಸ್ತಿ, ಎರಡೂ ಒಂದೇ ಕಾಗದದಲ್ಲಿ. ಮರುವರ್ಷವೇ ಚುನಾವಣೆ. ಮಾಂಡೇಲ್ ತೆರಿಗೆ ಮಾತಾಡಿ ಮಣ್ಣು ಮುಕ್ಕಿದ ಅದೇ ಚುನಾವಣೆ. ಆದರೆ 1983ರ ಸಹಿಗಾಗಿ ಅಲ್ಲಿ ಯಾರೂ ಸೋಲಲಿಲ್ಲ. ರೇಗನ್ 49 ರಾಜ್ಯ ಗೆದ್ದರು, ಹೌಸ್ ಡೆಮಾಕ್ರಟರ ಕೈಯಲ್ಲೇ ಉಳಿಯಿತು. ಇಬ್ಬರೂ ಒಟ್ಟಿಗೆ ಒಪ್ಪಿದ್ದರಿಂದ ಬೆರಳು ತೋರಿಸಲು ಯಾರೂ ಉಳಿದಿರಲಿಲ್ಲ. ನಾನ್ಯಾಕೆ ಮೊದಲು ಅನ್ನುವ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಆ ನಿಧಿ ಮತ್ತೆ ಖಾಲಿಯಾಗುತ್ತಿದೆ. ಟ್ರಸ್ಟಿಗಳ 2025ರ ವರದಿ ಹೇಳುವುದು 2033 ಅಂತ. ಆಮೇಲೆ ಕಾನೂನಿನ ಪ್ರಕಾರ ಬಂದಷ್ಟೇ ಹಂಚಬೇಕು, ನೂರು ಸಿಗುತ್ತಿದ್ದವರಿಗೆ ಸುಮಾರು 77. ಇದಕ್ಕೆ ಯಾರ ವೋಟೂ ಬೇಕಾಗಿಲ್ಲ, ತಾನಾಗಿ ಆಗುತ್ತದೆ. ಟಿಲಿಸ್ ಬಿಡುವ ಸೀಟಿಗೆ ನಮ್ಮ ರಾಜ್ಯದಲ್ಲಿ 2026ರ ನವೆಂಬರ್‌ನಲ್ಲಿ ಚುನಾವಣೆ. ಗೆದ್ದವರ ಆರು ವರ್ಷ ಮುಗಿಯುವುದು 2033ರ ಜನವರಿಯಲ್ಲಿ. ಅಂದರೆ ಈ ಲೆಕ್ಕ ಸರಿ ಮಾಡಬೇಕಾದ ಸೆನೆಟರ್ ಅವರೇ. ಟಿವಿ ಚರ್ಚೆಗೆ ಜನರಿಂದ ಪ್ರಶ್ನೆ ಕೇಳಿದರೆ ನಾನು ಕಳಿಸಬೇಕು ಅಂದುಕೊಂಡಿರುವುದು ಒಂದೇ. ಆ 23ನ್ನು ಎಲ್ಲಿಂದ ತರುತ್ತೀರಿ? ತೆರಿಗೆಯಿಂದಲೋ, ಪಿಂಚಣಿ ಇಳಿಸಿಯೋ, ಮತ್ತೆ ಸಾಲದಿಂದಲೋ? ಒಬ್ಬೊಬ್ಬರನ್ನೇ ಕೇಳಿದರೆ ಪ್ರಯೋಜನವಿಲ್ಲ, ಮೊದಲು ಬಾಯಿ ಬಿಟ್ಟವರು ಮಾಂಡೇಲ್ ಆಗುತ್ತಾರೆ. ಇಬ್ಬರ ಕೈಗೂ ಒಂದೊಂದು ಹಲಗೆ ಕೊಟ್ಟು, ಉತ್ತರ ಬರೆಸಿ, ಒಂದೇ ಸಲ ಎತ್ತಿ ತೋರಿಸಿ ಅನ್ನಬೇಕು.